ಕೂಗಿನ ಜಾಗ

ಡೆಲ್ಮೋರ್, ಜಾರ್ಜಿಯಾ
೧೨ ಜುಲೈ ೧೯೯೮

ಲಮಾರ್,

ನಿನ್ನ ದವಡೆ ಎರಡು ಕಡೆ ಮುರಿದಿದೆ, ಮೇಲಿನ ಹಲ್ಲಿಗೂ ಕೆಳಗಿನ ಹಲ್ಲಿಗೂ ಸೇರಿಸಿ ತಂತಿ ಬಿಗಿದಿದ್ದಾರೆ ಎಂದು ಆಸ್ಪತ್ರೆಯಿಂದ ಜ್ಯುವೆಲ್ ಸುದ್ದಿ ತಂದಳು. ಹಾಗಾದರೆ ಫೋನ್ ಮಾಡಿ ಉಪಯೋಗವಿಲ್ಲ. ನನ್ನ ಹೆಂಡತಿ ಜ್ಯುವೆಲ್ ನಿನ್ನನ್ನು ನೋಡಲು ಬರಬಹುದು, ನಾನು ಮಾತ್ರ ಬರಕೂಡದು ಎಂದು ನರ್ಸಿನ ಕೈಲಿ ಚೀಟಿ ಕಳಿಸಿದ್ದೀಯಂತೆ. ಆಯಿತಪ್ಪ, ಬರುವುದಿಲ್ಲ. ಕಾಗದ ಬರೆಯುತ್ತೇನೆ. ಬೇಡವೆಂದರೆ ಹರಿದು ಹಾಕು, ನಾನು ಮುರಿದದ್ದು ನಿನ್ನ ಬಾಯಿಯನ್ನು, ಕೈಯನ್ನಲ್ಲ.

ಕ್ಷಮೆ ಕೇಳಲು ಬರೆಯುತ್ತಿಲ್ಲ, ಮೊದಲೇ ಹೇಳಿಬಿಡುತ್ತೇನೆ. ನನ್ನ ಹಿತ್ತಿಲು, ಜುಲೈ ನಾಲ್ಕರ ಸ್ವಾತಂತ್ರ್ಯದ ಹಬ್ಬ, ಕೆಂಡದ ಮುಂದೆ ಕೂತು ನಾನೇ ಬೇಯಿಸಿದ ಹಂದಿ. ಕ್ಲೀಟ್ ಹಾರ್ಗ್ರೋವ್ ಅಭಿಮಾನಿ ಸಂಘದವರೆಲ್ಲ ಹೆಂಡತಿ ಮಕ್ಕಳ ಸಮೇತ ಬಂದು ತಟ್ಟೆ ಹಿಡಿದು ನಿಂತಿದ್ದಾರೆ. ಆಗ ನೀನು ಬೆಂಚಿನ ಮೇಲೆ ಹತ್ತಿ ಏನಂದೆ? ‘ಆ ಕೂಗು ವರ್ಲೀನ್‌ದು ಕಣ್ರೋ. ಕ್ಲೀಟ್ ಗಿಟಾರಲ್ಲಿ ಹೆಂಡ್ತಿ ಮುಖಕ್ಕೆ ಹೊಡೆದಾಗ ಬಂದಿದ್ದು. ಇಷ್ಟು ವರ್ಷ ನಾವೆಲ್ಲ ಸೇರಿ ಅದನ್ನೇ ಕೂಗ್ತಿದೀವಿ.’ ನನ್ನ ಕೈಯಲ್ಲಿ ಕೆಂಡ ತೆಗೆಯುವ ಸಲಿಕೆ ಇತ್ತು. ಇಲ್ಲದಿದ್ದರೆ ಮುಷ್ಟಿಯಲ್ಲೇ ಮುಗಿಯುತ್ತಿತ್ತು. ಸಲಿಕೆ ಇದ್ದದ್ದು ನಿನ್ನ ಗ್ರಹಚಾರ.

ಯಾವ ಕೂಗಿನ ಮೇಲೆ ಉಗುಳಿದೆ ಎಂದು ನಿನಗೆ ಗೊತ್ತಿದೆಯೇನೋ? ೧೯೭೩, ಅಟ್ಲಾಂಟಾ, ವೇದಿಕೆಯ ಮೇಲೆ ನುಡಿಸುವಾಗಲೇ ರೆಕಾರ್ಡಾದ ‘ನೆರೆ’ ಹಾಡು, ರೆಕಾರ್ಡಿನ ಒಂದು ಬದಿ ಪೂರ್ತಿ. ಡ್ರಮ್ಮು ಗಿಮ್ಮು ಎಲ್ಲ ಒಟ್ಟಿಗೆ ನಿಲ್ಲುತ್ತವೆ. ಧಪ್ಪೆಂದು ಒಂದು ಸದ್ದು. ಆಮೇಲೆ ಒಬ್ಬ ಹುಡುಗಿಯ ಕೂಗು. ಆ ಕೂಗಿನ ಸ್ವರವನ್ನೇ ಹಿಡಿದು ಕ್ಲೀಟ್ ತನ್ನ ಬೆರಳಿಗೆ ಸಿಕ್ಕಿಸಿದ ಔಷಧಿ ಸೀಸೆಯನ್ನು ತಂತಿಯ ಮೇಲೆ ಜಾರಿಸುತ್ತ ಮೇಲೆ ಮೇಲೆ ಹತ್ತುತ್ತಾನೆ. ನಮ್ಮ ಈ ದಕ್ಷಿಣದ ಸೀಮೆಯಲ್ಲಿ ಹುಟ್ಟಿದ ಬೇರೆ ಯಾವ ಗಿಟಾರೂ ಹಾಗೆ ಅತ್ತಿಲ್ಲ. ವಿಯಟ್ನಾಮಿನಿಂದ ಬಂದ ಮೇಲೆ ಒಂದು ವರ್ಷ ನಾನು ಯಾರ ಜೊತೆಗೂ ಮಾತಾಡದೆ ಅಮ್ಮನ ಮನೆಯ ಹಿಂದೆ ಟ್ರೇಲರ್ ಮನೆಯಲ್ಲಿ ಬಿದ್ದಿದ್ದೆ. ಆ ಕೂಗು ಕೇಳಿದ ದಿನ ನಾನೂ ಬಾಯಿ ಬಿಟ್ಟು ಕೂಗಿದೆ. ಆವತ್ತಿನಿಂದ ಮನುಷ್ಯನಾದೆ. ಅದನ್ನು ನೀನು ಹೊಡೆತದ ಸದ್ದು ಅನ್ನುತ್ತೀಯ!

ಮುಂದಿನ ಸಾಲಿನಲ್ಲಿ ಕುಣಿಯುತ್ತಿದ್ದ ಯಾವಳೋ ಖುಷಿ ತಡೆಯಲಾರದೆ ಕೂಗಿದ್ದು ಅದು. ಎಲ್ಲರಿಗೂ ಗೊತ್ತಿರುವ ಸಂಗತಿ. ನಮ್ಮ ಸಂಘದ ಡಾಯ್ಲ್ ಅಂತೂ ಅವಳು ತನ್ನ ಚಿಕ್ಕಮ್ಮನೇ ಅನ್ನುತ್ತಾನೆ. ಪ್ರತಿ ಅಕ್ಟೋಬರಿನಲ್ಲೂ ಸಂಘದ ಜಾತ್ರೆಗೆ ಕೌಂಟಿ ಮೈದಾನದಲ್ಲಿ ‘ನೆರೆ’ ಹಾಕಿದಾಗ ಹುಲ್ಲಿನ ಪಿಂಡಿಯ ಮೇಲೆ ನಿಂತು ಕೈ ಎತ್ತುವವನು ನಾನು. ನಾನು ಕೈ ಎತ್ತಿದರೆ ಮೂರು ಸಾವಿರ ಜನ ಒಂದೇ ಗಂಟಲಲ್ಲಿ ಕೂಗುತ್ತಾರೆ. ಪಾದ್ರಿಗೂ ಇಲ್ಲದ ಭಾಗ್ಯ ಅದು. ಅದನ್ನು ನನ್ನಿಂದ ಕಸಿದುಕೊಳ್ಳಲು ನಿನ್ನಂಥ ಟಯರ್ ಅಂಗಡಿಯವನಿಂದ ಆಗದು.

ಇನ್ನೂ ನಿನ್ನ ಗೆಳೆಯನೋ ಅಲ್ಲವೋ ತಿಳಿಯದ,
ಹಾಯ್ಟ್ ಟಿಲ್ಮನ್

ಮರೆತಿದ್ದೆ: ನಿನ್ನ ಪಾಲಿನ ಮಾಂಸ ಕಟ್ಟಿಸಿಟ್ಟಿದ್ದೆ. ನೀನು ಜಗಿಯಲಾರೆ ಎನ್ನುವುದು ಆಮೇಲೆ ಹೊಳೆಯಿತು. ನಾಯಿಗೆ ಹಾಕಿದೆ.


ಟಾಲ್‌ಪೈನ್, ಅಲಬಾಮ
೨೦ ಜುಲೈ

ಹಾಯ್ಟ್,

ಮನೆಗೆ ಬಂದಿದ್ದೇನೆ. ಹಾಲು, ಗಂಜಿ, ಸೋಸಿದ ಸೂಪು, ಎಲ್ಲ ಕೊಳವೆಯಲ್ಲಿ. ಕುತ್ತಿಗೆಯಲ್ಲಿ ದಾರ ಕಟ್ಟಿ ಒಂದು ಸಣ್ಣ ತಂತಿ ಕತ್ತರಿ ನೇತುಹಾಕಿದ್ದಾರೆ. ವಾಂತಿ ಬಂದರೆ ತಂತಿ ಕತ್ತರಿಸಿಕೊಳ್ಳಬೇಕು, ಇಲ್ಲವಾದರೆ ಉಸಿರುಕಟ್ಟಿ ಸಾಯುತ್ತೇನಂತೆ. ಅಲ್ಲಿ ಮೊದಲು ಏನು ನೇತಾಡುತ್ತಿತ್ತು ಗೊತ್ತಲ್ಲ, ಸಂಘದವರೆಲ್ಲ ಹಾಕಿಕೊಳ್ಳುವ ಔಷಧಿ ಸೀಸೆ. ಅದನ್ನು ತೆಗೆದು ಕಸಕ್ಕೆ ಎಸೆದೆ.

ನಾನು ಪೂರ್ತಿ ಹೇಳುವುದರೊಳಗೆ ನೀನು ಸಲಿಕೆ ಬೀಸಿದೆ. ಈಗ ಬೀಸಲಾರೆ, ಆದ್ದರಿಂದ ಕೇಳು.

ವರ್ಲೀನ್ ನಮ್ಮೂರಿನಲ್ಲೇ ಇದ್ದಾರೆ. ಎಷ್ಟೋ ವರ್ಷದಿಂದ ಶಾಲೆಯ ಅಡುಗೆಮನೆಯಲ್ಲಿ ಮೆಕ್ಕೆಜೋಳದ ಬ್ರೆಡ್ಡು ಬೇಯಿಸುತ್ತಾರೆ. ಎರಡನೇ ಗಂಡನ ಹೆಸರಿಟ್ಟುಕೊಂಡಿದ್ದರಿಂದ ನನಗೂ ಗೊತ್ತಿರಲಿಲ್ಲ. ಏಪ್ರಿಲಿನಲ್ಲಿ ಟಯರ್ ಪಂಕ್ಚರ್ ಆಗಿ ಅಂಗಡಿಗೆ ಬಂದರು. ರೇಡಿಯೋದಲ್ಲಿ ‘ನೆರೆ’ ಬರುತ್ತಿತ್ತು. ಕೂಗಿನ ಜಾಗ ಬಂತು. ಚಕ್ರದ ಹತ್ತಿರ ಕೂತಿದ್ದ ನಾನು ಎಂದಿನಂತೆ ಬಾಯಿ ಬಿಟ್ಟು ಕೂಗಿದೆ. ಎದ್ದು ನೋಡಿದರೆ ಆಕೆ ಗೋಡೆಗೆ ಒತ್ತಿಕೊಂಡು, ಕೈಯನ್ನು ಕೆನ್ನೆಗೆ ಅಡ್ಡ ಹಿಡಿದು ನಿಂತಿದ್ದಾರೆ. ಈಗ ಯಾರೋ ಹೊಡೆಯಲಿದ್ದಾರೆ ಎನ್ನುವ ಹಾಗೆ.

‘ಏನಾಯ್ತಮ್ಮ?’ ಅಂದೆ.

‘ಏನಿಲ್ಲ. ಚೆನ್ನಾಗಿ ಕೂಗ್ತೀರ ನೀವು. ಸ್ವರ ಸರಿಯಾಗಿದೆ. ಕೂಗಿದವಳು ನಾನೇ ಅಲ್ವಾ, ನಂಗೆ ಗೊತ್ತಾಗುತ್ತೆ.’

ಅವತ್ತು ಅಟ್ಲಾಂಟಾದಲ್ಲಿ ಕ್ಲೀಟ್ ಕಾರಿನ ಕೀಲಿ ಜೇಬಿನಲ್ಲಿಟ್ಟುಕೊಂಡೇ ವೇದಿಕೆ ಹತ್ತಿದ್ದನಂತೆ. ಆಕೆ ಬದಿಯಲ್ಲಿ ನಿಂತು ‘ಕೀ ಕೊಡು, ನಾನು ಮನೆಗೆ ಹೋಗ್ತೀನಿ’ ಎಂದು ಕೈ ಚಾಚಿದರು. ವಾದ್ಯ ನಿಲ್ಲುವ ಆ ಜಾಗದಲ್ಲಿ ಅವನು ತಿರುಗಿ, ಹೆಗಲಿನ ಪಟ್ಟಿಯನ್ನೂ ತೆಗೆಯದೆ, ಗಿಟಾರಿನ ಬುಡದಿಂದ ಎಡಗಿವಿಗೆ ಬೀಸಿದ. ಕೆನ್ನೆಯ ಮೂಳೆ ಒಳಕ್ಕೆ ಹೋಯಿತು. ಆ ಕಿವಿ ಅಂದಿನಿಂದ ಸತ್ತಿದೆ. ‘ಬಿದ್ದಲ್ಲಿಂದಾನೇ ಇನ್ನೊಂದು ಕಿವೀಲಿ ಕೇಳಿಸ್ತಿತ್ತು. ನನ್ನ ಕೂಗನ್ನೇ ಅವನು ಗಿಟಾರಲ್ಲಿ ವಾಪಸ್ಸು ನುಡಿಸ್ತಿದ್ದ. ಜನ ಚಪ್ಪಾಳೆ ಹೊಡೀತಿದ್ರು,’ ಅಂದರು. ಅಳಲಿಲ್ಲ. ಟಯರಿಗೆ ಗಾಳಿ ಸಾಕಾ ಎಂದು ಕೇಳಿದರು.

ಹೋಗುವಾಗ ಒಂದು ಮಾತು ಹೇಳಿದರು. ‘ಹಾಡು ಕೇಳ್ಕೊಳ್ಳಿ, ನಂದೇನೂ ಅಭ್ಯಂತರ ಇಲ್ಲ. ಒಳ್ಳೇ ಹಾಡು. ಆ ಕೂಗೊಂದನ್ನ ಬಿಟ್ಬಿಡಿ.’ ಅಷ್ಟೇ ಹಾಯ್ಟ್. ಅಷ್ಟನ್ನು ಕೇಳಲು ನಿನ್ನ ಮನೆಗೆ ಬಂದಿದ್ದೆ.

ಲಮಾರ್


ಡೆಲ್ಮೋರ್
೯ ಆಗಸ್ಟ್

ಲಮಾರ್,

ನಿನ್ನ ಕಾಗದ ಓದಿದೆ. ಯಾವಳೋ ಬಂದು ನಾನೇ ಅವಳು ಅಂದರೆ ನಂಬಿಬಿಡುವುದೇ? ಡಾಯ್ಲನ ಚಿಕ್ಕಮ್ಮನೂ ಹಾಗೇ ಅನ್ನುತ್ತಾಳೆ.

ಸರಿ, ಹೊಡೆದ ಎಂದೇ ಇಟ್ಟುಕೊ. ಅವನು ಸಾಧು ಎಂದು ನಾನು ಯಾವತ್ತು ಹೇಳಿದ್ದೆ? ಕುಡಿದ, ಕಾರುಗಳನ್ನು ಮರಕ್ಕೆ ಗುದ್ದಿದ, ತನ್ನ ಡ್ರಮ್ಮರನ್ನು ಚಲಿಸುವ ಬಸ್ಸಿನಿಂದ ತಳ್ಳಿದ, ಜೈಲಿನಲ್ಲಿ ಕೂತು ಬಂದ. ಆ ಕೈ ಗಿಟಾರು ಹಿಡಿದಾಗ ಏನಾಗುತ್ತಿತ್ತು ಎನ್ನುವುದಷ್ಟೇ ನನಗೆ ಬೇಕಾದದ್ದು. ಬೆಂಕಿಯಲ್ಲಿ ಕಾಯಿಸಿಕೊಳ್ಳುವವನು ಸೌದೆ ಯಾರ ಮರದ್ದು ಎಂದು ಕೇಳುತ್ತಾ ಕೂರುತ್ತಾನೇನು?

ಕಳೆದ ಭಾನುವಾರ ಮಾಜಿ ಸೈನಿಕರ ಸಭಾಂಗಣದಲ್ಲಿ ಸಂಘದ ಸಭೆ ಇತ್ತು. ನೀನು ಹಚ್ಚಿದ ಬೆಂಕಿ ಚೆನ್ನಾಗಿಯೇ ಹತ್ತಿಕೊಂಡಿದೆ, ಸಂತೋಷಪಡು. ಮೇಕನ್ ಕಡೆಯಿಂದ ಬಂದಿದ್ದ ಒಬ್ಬ ಹುಡುಗಿ, ಇನ್ನೂ ಇಪ್ಪತ್ತು ತುಂಬಿಲ್ಲ, ಎದ್ದು ನಿಂತು ‘ಲಮಾರ್ ಹೇಳಿದ್ದು ನಿಜವಾದ್ರೆ ನಾವು ಕೂಗಬಾರ್ದು’ ಅಂದಳು. ಡಾಯ್ಲ್ ‘ನೀನು ಹುಟ್ಟೋ ಮುಂಚೆ ಕೂಗ್ತಿದ್ದವರು ನಾವು, ಮುಚ್ಕೊಂಡು ಕೂತ್ಕೊಳ್ಳೇ’ ಅಂದ. ಅವಳ ಅಪ್ಪ ಮಡಿಸುವ ಕುರ್ಚಿಯನ್ನು ಮಡಿಸಿಯೇ ಡಾಯ್ಲನ ತಲೆಗೆ ಹಾಕಿದ. ಮುಂದಿನದನ್ನು ಸಭೆ ಎನ್ನುವ ಹಾಗಿಲ್ಲ. ಒಬ್ಬನ ಕಿವಿ ಅರ್ಧ ಹರಿದಿದೆ, ಕಚ್ಚಿದವನು ಯಾರೆಂದು ಯಾರೂ ಬಾಯಿ ಬಿಡುತ್ತಿಲ್ಲ. ಕಾಫಿ ಪಾತ್ರೆ ಉರುಳಿ ಇನ್ನೊಬ್ಬನ ತೊಡೆ ಬೆಂದಿದೆ. ನಾನು ಇಬ್ಬರನ್ನು ಕೆಡವಿದೆ. ಅದರಲ್ಲಿ ಒಬ್ಬ ನನ್ನ ಪರವೇ ಇದ್ದನೆಂದು ಆಮೇಲೆ ಗೊತ್ತಾಯಿತು.

ಈಗ ದೊಡ್ಡ ಸುದ್ದಿ. ಕ್ಲೀಟ್ ಬರುತ್ತಿದ್ದಾನೆ! ಗಿಟಾರು ಬಿಟ್ಟು ಹನ್ನೊಂದು ವರ್ಷವಾದ ಮೇಲೆ, ಅಕ್ಟೋಬರಿನ ನಮ್ಮ ಮೈದಾನಕ್ಕೆ. ವೇದಿಕೆಗೆ ಅವನ ಹೆಸರಿಡಲು ಕೌಂಟಿ ಆಡಳಿತ ಒಪ್ಪಿದೆ. ‘ನೆರೆ’ ಒಂದನ್ನು ನುಡಿಸುತ್ತೇನೆ ಎಂದು ಮಾತು ಕೊಟ್ಟಿದ್ದಾನೆ. ಅವನ ಎದುರಿಗೆ ನಿಂತು ನಾನು ಕೈ ಎತ್ತುತ್ತೇನೆ, ಲಮಾರ್. ಅದಾದ ಮೇಲೆ ಸತ್ತರೂ ಚಿಂತೆಯಿಲ್ಲ.

ಹಾಯ್ಟ್


ಟಾಲ್‌ಪೈನ್
೩೦ ಆಗಸ್ಟ್

ಹಾಯ್ಟ್,

ಮಂಗಳವಾರ ಯಾರೋ ಕೆಂಪು ಪಿಕಪ್ ಟ್ರಕ್ಕಿನಿಂದ ನನ್ನ ಅಂಗಡಿಗೆ ಬಂದೂಕು ಹೊಡೆದರು. ಮುಂದಿನ ಗಾಜು ಪೂರ್ತಿ ಹೋಯಿತು, ಸೀಸದ ಕಾಳು ಟಯರುಗಳಲ್ಲಿ ಕೂತಿವೆ. ನಾನು ಒಳಗೆ ಜಾಕಿನ ಪಕ್ಕದಲ್ಲಿ ಕೂತು ಸೂಪು ಹೀರುತ್ತಿದ್ದೆ. ಕೂಗಿಕೊಳ್ಳೋಣವೆಂದರೆ ಬಾಯಿಗೆ ತಂತಿ. ಮೂಗಿನಲ್ಲಿ ಕೂಗಿದೆ. ಹಾಗೂ ಕೂಗಬಹುದೆಂದು ನನಗೆ ಗೊತ್ತಿರಲಿಲ್ಲ.

ಮರುದಿನ ಅದೇ ಕೆಂಪು ಪಿಕಪ್ ಮತ್ತೆ ನಿಧಾನವಾಗಿ ಹಾದುಹೋಯಿತು, ಕನ್ನಡಿಗೆ ಔಷಧಿ ಸೀಸೆ ಕಟ್ಟಿತ್ತು. ಸಿಗ್ನಲ್ಲಿನಲ್ಲಿ ನಿಂತಾಗ ಚಕ್ರ ಬಿಚ್ಚುವ ಕಬ್ಬಿಣ ಹಿಡಿದು ಹೋಗಿ ಅವನ ಎರಡೂ ದೀಪ ಒಡೆದೆ, ಕಿಟಕಿಯೊಳಗೆ ಕೈ ಹಾಕಿ ಅವನ ಮೊಣಕೈ ಒಡೆದೆ. ನಿಮ್ಮೂರಿನವನೇ. ಹೆಸರು ಬರೆಯುವುದಿಲ್ಲ, ನಿನಗೆ ಗೊತ್ತಿರುತ್ತದೆ. ನೀನೇ ಕಳಿಸಿದೆಯೋ ಇಲ್ಲವೋ, ಅದನ್ನು ಮಾತ್ರ ಹೇಳು.

ಶುಕ್ರವಾರ ಸಂಜೆ ವರ್ಲೀನ್ ಮನೆಗೆ ಹೋಗಿದ್ದೆ, ಶಾಲೆಯ ಫುಟ್‌ಬಾಲ್ ಮೈದಾನದ ಹಿಂದೆಯೇ ಅವರ ಮನೆ. ಈ ವರ್ಷದ ಮೊದಲ ಪಂದ್ಯ. ನಮ್ಮ ಶಾಲೆಯ ಬ್ಯಾಂಡು ಅರ್ಧ ಆಟ ಮುಗಿದಾಗ ಏನು ನುಡಿಸುತ್ತದೆ ಎಂದು ನಿನಗೆ ಗೊತ್ತು. ನಿಮ್ಮೂರಿನದೂ ಅದನ್ನೇ, ‘ನೆರೆ’ಯನ್ನೇ. ತುತ್ತೂರಿಗಳು ನಿಂತವು, ಡೋಲಿನವನು ಒಂದು ಪೆಟ್ಟು ಹೊಡೆದ, ಇಡೀ ಊರು ಕೂಗಿತು. ಅಜ್ಜಿಯರು, ಮೇಷ್ಟ್ರುಗಳು, ಆಕೆ ದಿನಾ ಊಟ ಬಡಿಸುವ ಮಕ್ಕಳು. ಆಕೆ ಜಗಲಿಯಲ್ಲಿ ಅವರೆಕಾಯಿ ಬಿಡಿಸುತ್ತಿದ್ದರು. ಕೂಗಿನ ಹೊತ್ತಿಗೆ ಕೈ ತಾನಾಗಿ ಕೆನ್ನೆಗೆ ಹೋಯಿತು. ಆಮೇಲೆ ಮತ್ತೆ ಅವರೆಕಾಯಿಗೆ ಬಂತು. ‘ಪ್ರತಿ ಶುಕ್ರವಾರ ನಂಗೆ ಇಡೀ ಊರು ಸೇರಿ ಹೊಡೆದ ಹಾಗಾಗುತ್ತೆ,’ ಅಂದರು.

ಮುಂದಿನ ವಾರ ತಂತಿ ಬಿಚ್ಚುತ್ತಾರೆ. ಅಕ್ಟೋಬರಿನಲ್ಲಿ ನಾನು ಬರುತ್ತೇನೆ. ಕಬ್ಬಿಣವೂ ಜೊತೆಗೆ ಬರುತ್ತದೆ. ನೀನು ಹತ್ತುವ ಆ ಹುಲ್ಲಿನ ಪಿಂಡಿಯಿಂದ ನಿನ್ನನ್ನು ಕೆಳಗಿಳಿಸಿ ನಾನು ಮಾತಾಡುತ್ತೇನೆ. ಅಡ್ಡ ಬಂದರೆ ನಿನ್ನ ಮಂಡಿ ಇರುವುದಿಲ್ಲ.

ಲಮಾರ್


ಡೆಲ್ಮೋರ್
೨೭ ಸೆಪ್ಟೆಂಬರ್

ಲಮಾರ್,

ನಾನು ಕಳಿಸಲಿಲ್ಲ. ನನ್ನ ತಾಯಿಯ ಆಣೆ. ನಿನ್ನನ್ನು ಹೊಡೆಯುವುದಿದ್ದರೆ ನಾನೇ ಬಂದು ಹೊಡೆಯುತ್ತೇನೆ, ಬಾಡಿಗೆಯವರನ್ನು ಕಳಿಸುವುದಿಲ್ಲ. ಅವನು ಮೊಣಕೈಗೆ ಪಟ್ಟಿ ಕಟ್ಟಿಕೊಂಡು ಬಂದಾಗ ನಾನು ಇನ್ನೊಂದು ಮೊಣಕೈಯನ್ನೂ ವಿಚಾರಿಸಿಕೊಂಡೆ.

ಇಷ್ಟು ದಿನ ಬರೆಯದೆ ಇದ್ದದ್ದಕ್ಕೆ ಕಾರಣವಿದೆ. ನಿನ್ನ ಶುಕ್ರವಾರದ ಕಥೆಯನ್ನು ಜ್ಯುವೆಲ್‌ಗೆ ಓದಿ ಹೇಳಿದೆ, ನೋಡು ನಿನ್ನ ಲಮಾರನ ತಲೆ ಕೆಟ್ಟಿರುವುದನ್ನು ಎಂದು ನಗುತ್ತಲೇ ಓದಿದೆ. ಅವಳು ನಗಲಿಲ್ಲ. ‘ನಾನು ಒಂದು ಸಲವಾದ್ರೂ ಆ ಕೂಗು ಕೂಗಿದ್ದು ನೋಡಿದೀಯ ನೀನು?’ ಎಂದು ಕೇಳಿದಳು. ಯೋಚಿಸಿದೆ. ಮದುವೆಯಾದಾಗಿನಿಂದ ನನ್ನ ಪಕ್ಕದಲ್ಲೇ ನಿಂತಿರುತ್ತಾಳೆ, ಹಾಡಿಗೆ ಚಪ್ಪಾಳೆ ತಟ್ಟುತ್ತಾಳೆ, ಕೂಗಿನ ಜಾಗದಲ್ಲಿ ಬಾಯಿ ಮುಚ್ಚಿರುತ್ತಾಳೆ. ಯಾಕೆ ಅಂದೆ. ‘ಅದು ಖುಷಿಯ ಕೂಗಲ್ಲ ಅಂತ ಕೇಳಿದ ತಕ್ಷಣ ಗೊತ್ತಾಗುತ್ತೆ ಹಾಯ್ಟ್. ನಮ್ಮಪ್ಪನ ಮನೇಲಿ ಬೆಳೆದವಳಿಗೆ ಗೊತ್ತಾಗದೆ ಇರುತ್ತಾ?’ ಮತ್ತೆ ಹೇಳಲಿಲ್ಲ ಯಾಕೆ ಅಂದರೆ, ‘ನೀನು ಕೇಳಿದ್ಯಾ?’ ಅಂದಳು.

ಆಮೇಲೆ ಕ್ಲೀಟ್ ಬಂದ. ಏರ್ಪಾಡು ಮಾತಾಡಲು ನನ್ನ ಮನೆಗೇ ಬಂದ, ನನ್ನ ಜಗಲಿಯಲ್ಲಿ, ನನ್ನ ಕುರ್ಚಿಯಲ್ಲಿ ಕೂತ! ಕೂದಲು ಬೆಳ್ಳಗಾಗಿದೆ, ಭುಜ ಇನ್ನೂ ಎತ್ತಿನ ಭುಜ. ಬೇಯಿಸಿದ ಕಡಲೆಕಾಯಿ ಕೊಟ್ಟೆ, ಸಿಪ್ಪೆಯನ್ನು ನನ್ನ ನೆಲದ ಮೇಲೇ ಉಗಿಯುತ್ತ ತಿಂದ. ನಾನು ಬಗ್ಗಿ ಅದನ್ನು ಆಯ್ದೆ. ಆದರೂ ಕೇಳಿದೆ. ಅಣ್ಣಾ, ಆ ಕೂಗು ಯಾರದು, ಹುಡುಗರು ಏನೇನೋ ಅಂತಾರೆ ಅಂದೆ.

‘ವರ್ಲೀನ್‌ದು,’ ಅಂದ. ಹವಾಮಾನ ಹೇಳಿದ ಹಾಗೆ ಅಂದ. ‘ರೆಕಾರ್ಡ್ ಕಂಪನಿಯವನು ಅದನ್ನ ತೆಗೆದುಬಿಡೋಣ್ವಾ ಅಂತ ಕೇಳ್ದ. ಬಿಡೋ ಅಂದೆ. ಮದುವೆಯಾದ ಮೇಲೆ ಅದೊಂದು ಸಲ ಅವಳು ತಾಳಕ್ಕೆ ಸರಿಯಾಗಿ ಬಂದಿದ್ದು.’

ನಾನು ನಕ್ಕೆ, ಲಮಾರ್. ಅವನು ಹೇಳಿದನಲ್ಲ, ನಕ್ಕುಬಿಟ್ಟೆ. ಬಾಗಿಲಿನಲ್ಲಿ ಚಹಾ ಹಿಡಿದು ನಿಂತಿದ್ದ ಜ್ಯುವೆಲ್ ಲೋಟವನ್ನು ಹಾಗೇ ವಾಪಸ್ಸು ಒಯ್ದಳು. ಅವತ್ತಿನಿಂದ ನನ್ನ ಜೊತೆ ಮಾತಿಲ್ಲ. ನನಗೆ ಊಟ ಸೇರುತ್ತಿಲ್ಲ. ರೆಕಾರ್ಡು ಹಾಕಿದರೆ ಆ ‘ಧಪ್’ ಮೊದಲು ಕೇಳಿಸುತ್ತದೆ. ಮೊದಲೆಲ್ಲ ಅದನ್ನು ನಾನು ಡ್ರಮ್ಮೆಂದುಕೊಂಡಿದ್ದೆ.

ಏನು ಮಾಡಲಿ ಹೇಳು. ಬೈದಾದರೂ ಹೇಳು.

ಹಾಯ್ಟ್


ಟಾಲ್‌ಪೈನ್
೩ ಅಕ್ಟೋಬರ್

ಹಾಯ್ಟ್,

ನಾನು ಬರುವುದಿಲ್ಲ. ವರ್ಲೀನ್ ಬೇಡವೆಂದರು. ‘ನನ್ನ ಹೆಸರಲ್ಲಿ ಇನ್ನೊಬ್ಬರ ಮೂಳೆ ಮುರಿಯೋದು ಬೇಡ, ಸಾಕು’ ಅಂದರು. ಕಬ್ಬಿಣವನ್ನು ಅವರೇ ಇಸಿದುಕೊಂಡು ಒಲೆಯ ಹಿಂದೆ ಇಟ್ಟಿದ್ದಾರೆ.

ಯಾರೂ ಭಾಷಣ ಮಾಡಬೇಕಾಗಿಲ್ಲವಂತೆ. ಯಾರೂ ಶುರು ಮಾಡದಿದ್ದರೆ ಸಾಕಂತೆ.

ಶುರು ಮಾಡುವವನು ನೀನು.

ಲಮಾರ್


ಕೌಂಟಿ ಆಸ್ಪತ್ರೆ, ಡೆಲ್ಮೋರ್
೨೦ ಅಕ್ಟೋಬರ್

ಲಮಾರ್,

ಅಕ್ಷರ ಜ್ಯುವೆಲ್‌ದು, ಮಾತು ನನ್ನದು. ನನ್ನ ಬಲಗೈ ಮೊಣಕೈವರೆಗೆ ಪ್ಲಾಸ್ಟರಿನಲ್ಲಿದೆ, ಪಕ್ಕೆಲುಬು ಎಷ್ಟು ಹೋಗಿವೆಯೋ ಡಾಕ್ಟರಿಗೇ ಗೊತ್ತು. ಜ್ಯುವೆಲ್ ಮಾತಾಡುತ್ತಿದ್ದಾಳೆ. ಅದಕ್ಕೋಸ್ಕರ ಇನ್ನೊಂದೆರಡು ಮುರಿದಿದ್ದರೂ ಆಗುತ್ತಿತ್ತು. (ಇದನ್ನು ಬರೆಯಲಾರೆ ಅಂದಳು, ಬಲವಂತ ಮಾಡಿ ಬರೆಸಿದ್ದೇನೆ.)

ಪತ್ರಿಕೆಯಲ್ಲಿ ಕುಡುಕರ ಜಗಳ ಎಂದು ಬಂದಿದೆಯಂತೆ. ನಾನು ಒಂದು ಹನಿಯನ್ನೂ ಮುಟ್ಟಿರಲಿಲ್ಲ. ನಡೆದದ್ದು ಹೀಗೆ.

ಭಾನುವಾರ ಮಧ್ಯಾಹ್ನ, ಸುಡುಬಿಸಿಲು, ಮೈದಾನ ತುಂಬಿತ್ತು. ಕ್ಲೀಟ್ ಕುರ್ಚಿಯಲ್ಲಿ ಕೂತು ನುಡಿಸಿದ. ಬೆರಳು ಮೊದಮೊದಲು ತಡವರಿಸಿದವು, ಆಮೇಲೆ ಹಿಡಿದವು. ಕೂಗಿನ ಜಾಗ ಬಂತು. ವಾದ್ಯ ನಿಂತವು. ಪಿಂಡಿಯ ಮೇಲೆ ನಿಂತ ನಾನು ಎರಡೂ ಕೈಗಳನ್ನು ಜೇಬಿಗೆ ಹಾಕಿಕೊಂಡೆ. ಮೂರು ಸಾವಿರ ಮುಖ ನನ್ನ ಕಡೆ ತಿರುಗಿದವು. ಯಾರೂ ಕೂಗಲಿಲ್ಲ. ಒಂದು ಗಳಿಗೆ, ನಿನ್ನಾಣೆ, ಗೆದ್ದೆವು ಎಂದುಕೊಂಡೆ.

ಕ್ಲೀಟ್ ಮೈಕಿನಲ್ಲಿ ನಕ್ಕ. ‘ಏನಯ್ಯಾ ಹಾಯ್ಟ್, ಕೈಗೆ ಲಕ್ವ ಹೊಡೀತಾ?’ ಜನ ಹೋ ಎಂದು ನಕ್ಕರು. ಆಮೇಲೆ ಡಾಯ್ಲ್ ತನ್ನ ಕೈ ಎತ್ತಿದ. ಎಲ್ಲರೂ ಕೂಗಿದರು. ನಾನೇ ಕಲಿಸಿದ್ದಲ್ಲವೇ, ನಾನಿಲ್ಲದೆಯೂ ಅವರಿಗೆ ಬರುತ್ತದೆ. ಕ್ಲೀಟ್ ಆ ಕೂಗನ್ನು ಹಿಡಿದು ನುಡಿಸತೊಡಗಿದ. ಸುಳ್ಳು ಹೇಳುವುದಿಲ್ಲ ಲಮಾರ್, ಅದ್ಭುತವಾಗಿತ್ತು. ನನ್ನ ಮೈಮೇಲಿನ ಕೂದಲು ಎದ್ದು ನಿಂತವು, ಕಣ್ಣಲ್ಲಿ ನೀರು ಬಂತು. ನನ್ನ ಜನ್ಮಕ್ಕಿಷ್ಟು. ಅದನ್ನು ತಾಳಲಾರದೆಯೇ ಓಡಿದೆ. ವೇದಿಕೆ ಹತ್ತಿ ಅವನ ಗಿಟಾರಿನ ವೈರನ್ನು ಕಿತ್ತು ಹಾಕಿದೆ.

ಮೈಕು ಹಿಡಿದು ‘ಇದು ವರ್ಲೀನ್’ ಅನ್ನುವಷ್ಟರಲ್ಲಿ ಅವನು ಎದ್ದಿದ್ದ. ಪಟ್ಟಿ ಹೆಗಲಿನಲ್ಲೇ ಇತ್ತು. ತಿರುಗಿದ್ದು ನೋಡಿದೆ. ನೀನು ಬರೆದಿದ್ದೆಯಲ್ಲ, ತದ್ವತ್ ಹಾಗೇ. ಗಿಟಾರಿನ ಬುಡ ನನ್ನ ಪಕ್ಕೆಯೊಳಗೆ ಹೋಯಿತು.

ನಾನು ಕೂಗಿದೆ. ಮೈಕು ನನ್ನ ಬಾಯಿಯ ಹತ್ತಿರವೇ ಇತ್ತು. ಇಡೀ ಮೈದಾನಕ್ಕೆ ಕೇಳಿಸಿತು.

ಜನ ಅದನ್ನೂ ಕೂಗಿದರು, ಲಮಾರ್. ಹಾಯ್ಟ್ ಕೊನೆಗೂ ಶುರು ಮಾಡಿದ ಎಂದುಕೊಂಡರು. ನಾನು ಮಂಡಿಯೂರಿ ಉಸಿರು ಹುಡುಕುತ್ತಿದ್ದೇನೆ, ಮೂರು ಸಾವಿರ ಜನ ಸೀಸೆ ಸಿಕ್ಕಿಸಿದ ಬೆರಳು ಮೇಲೆತ್ತಿ, ಖುಷಿಯಿಂದ, ನನ್ನ ನೋವನ್ನು ನನಗೇ ವಾಪಸ್ಸು ಕೂಗುತ್ತಿದ್ದಾರೆ. ಮುಂದಿನ ಸಾಲಿನಲ್ಲಿ ಒಬ್ಬ ತನ್ನ ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡಿದ್ದ. ಆ ಮಗುವೂ ಕೂಗಿತು.

ಎರಡನೇ ಏಟು ಕೈಗೆ ಬಿತ್ತು. ಮೈಕು ಬಿಡದೆ ಉಳಿದದ್ದನ್ನು ಹೇಳಿ ಮುಗಿಸಿದೆ. ಯಾರು, ಎಲ್ಲಿ, ಯಾವ ಕಿವಿ, ಎಲ್ಲ. ಆಗ ಡಾಯ್ಲ್ ಮತ್ತು ನಮ್ಮ ಸಂಘದವರೇ ಹತ್ತಿ ಬಂದು ಬೂಟುಗಾಲಲ್ಲಿ ಒದ್ದರು. ನನ್ನ ಹಂದಿ ತಿಂದ ಬಾಯಿಗಳು. ಜ್ಯುವೆಲ್ ಹುಲ್ಲು ಎತ್ತುವ ಕವೆಗೋಲು ಹಿಡಿದು ಬಂದ ಮೇಲೇ ಅವರು ಸರಿದದ್ದು. ಅವಳು ಡಾಯ್ಲನ ತೊಡೆಗೆ ಚುಚ್ಚಿದ್ದನ್ನು ಬರೆಸಬೇಡ ಅನ್ನುತ್ತಿದ್ದಾಳೆ, ತಾನೇ ಬರೆಯುತ್ತಿದ್ದಾಳೆ.

ನಿನ್ನ ದವಡೆಗೆ ಈಗ ಕ್ಷಮೆ ಕೇಳುತ್ತಿದ್ದೇನೆ. ಜುಲೈಯಲ್ಲೇ ಕೇಳಬೇಕಿತ್ತು. ಆಕೆಯ ಹತ್ತಿರವೂ ಬಂದು ಕೇಳಬೇಕು. ಬರಬಹುದೇ ಎಂದು ವಿಚಾರಿಸು. ಶುಕ್ರವಾರದ ಕೂಗು ನಿಂತಿತೇ, ಅದನ್ನೂ ಬರೆ.

ನಿನ್ನ
ಹಾಯ್ಟ್


ಟಾಲ್‌ಪೈನ್
೭ ನವೆಂಬರ್

ಹಾಯ್ಟ್,

ನಿನ್ನ ಕಾಗದವನ್ನು ಆಕೆಗೆ ಓದಿ ಹೇಳಿದೆ. ಮಧ್ಯೆ ಒಂದೇ ಒಂದು ಪ್ರಶ್ನೆ ಕೇಳಿದರು. ‘ಹೊಡೆಯೋ ಮುಂಚೆ ಎಡಗಾಲು ಹಿಂದಕ್ಕಿಟ್ನಾ?’ ನನಗೆ ಗೊತ್ತಿಲ್ಲ ಅಂದೆ. ‘ಇಟ್ಟಿರ್ತಾನೆ,’ ಅಂದರು. ಆಮೇಲೆ ಒಳಗೆ ಹೋದರು, ಎಷ್ಟೋ ಹೊತ್ತು ನಲ್ಲಿಯ ನೀರು ಸುರಿಯುವ ಸದ್ದು ಮಾತ್ರ ಕೇಳಿಸುತ್ತಿತ್ತು.

ನಿನ್ನೆ ಶುಕ್ರವಾರ, ಈ ವರ್ಷದ ಕೊನೆಯ ಪಂದ್ಯ. ಜಗಲಿಯಲ್ಲಿ ಅವರ ಜೊತೆ ಕೂತಿದ್ದೆ. ನಿನ್ನ ಸುದ್ದಿ ಇಲ್ಲಿಯೂ ಎಲ್ಲರಿಗೂ ತಲುಪಿದೆ, ದಿನಸಿ ಅಂಗಡಿಯಲ್ಲಿ ಆಕೆಯನ್ನು ಕಂಡು ಜನ ಮಾತು ನಿಲ್ಲಿಸುತ್ತಾರೆ. ಪಾದ್ರಿ ಬಂದು ಕೈ ಹಿಡಿದು ಹೋದರು. ಹಾಗಾಗಿ ನನಗೂ ಆಸೆಯಿತ್ತು. ಬ್ಯಾಂಡು ಶುರುವಾಯಿತು, ತುತ್ತೂರಿಗಳು ನಿಂತವು, ಡೋಲಿನ ಪೆಟ್ಟು ಬಿತ್ತು.

ಕೂಗಿದರು, ಹಾಯ್ಟ್. ಗೊತ್ತಿದ್ದೂ ಕೂಗಿದರು. ಎಂದಿಗಿಂತ ಜೋರಾಗಿಯೇ ಇತ್ತು ಎಂದು ನನಗನ್ನಿಸಿತು. ಒಂದಿಬ್ಬರು ಬಾಯಿ ಮುಚ್ಚಿಕೊಂಡಿದ್ದರೋ ಏನೋ, ಜಗಲಿಗೆ ಅದು ಗೊತ್ತಾಗುವುದಿಲ್ಲ.

ನಾನು ಕಬ್ಬಿಣ ಕೊಡಿ ಎಂದು ಎದ್ದೆ. ‘ಕೂತ್ಕೊಳಪ್ಪ,’ ಅಂದರು. ಆಕೆಯ ಕೈ ಈ ಸಲ ಕೆನ್ನೆಗೆ ಹೋಗಿರಲಿಲ್ಲ. ಕುರ್ಚಿಯನ್ನು ತಿರುಗಿಸಿಕೊಂಡು, ಸತ್ತ ಕಿವಿಯನ್ನು ಮೈದಾನದ ಕಡೆಗೆ ಮಾಡಿ ಕೂತಿದ್ದರು. ‘ಆ ನನ್ಮಗ ಕೊಟ್ಟಿದ್ರಲ್ಲಿ ಉಪಯೋಗಕ್ಕೆ ಬಂದಿದ್ದು ಇದೊಂದೇ,’ ಎಂದು ಕಿವಿಯನ್ನು ತಟ್ಟಿ ತೋರಿಸಿದರು. ‘ಪೂರ್ತಿ ನಿಲ್ಲಲ್ಲ. ಆದ್ರೆ ದೂರ ಹೋಗುತ್ತೆ.’ ಇಷ್ಟು ವರ್ಷ ಯಾಕೆ ಹೀಗೆ ಕೂರಲಿಲ್ಲ ಎಂದು ಕೇಳಿದೆ. ‘ಸತ್ತ ಕಿವಿ ಕಡೆಯಿಂದ ಯಾರು ಬಂದ್ರೂ ಗೊತ್ತಾಗಲ್ಲ ಅಂತ ಹೆದರಿಕೆ ಆಗ್ತಿತ್ತು. ಈ ಕಡೆ ಯಾರಾದ್ರೂ ಕೂತಿದ್ರೆ ಕೂರಬಹುದು.’

ನೀನು ಬರಬಹುದಂತೆ. ಪಕ್ಕೆ ಕೂಡಿದ ಮೇಲೆ ಜ್ಯುವೆಲ್‌ಳನ್ನು ಕರೆದುಕೊಂಡು ಬಾ. ನನ್ನ ದವಡೆ ಈಗ ಜಗಿಯುತ್ತದೆ, ಬರುವಾಗ ಮಾಂಸ ತಾ. ಹೇಳಬೇಕಾದದ್ದನ್ನು ದಾರಿಯಲ್ಲೇ ಯೋಚಿಸಿಕೊಂಡು ಬಾ, ಆಕೆ ಮಾತು ಎಳೆಯುವವರನ್ನು ಸಹಿಸುವುದಿಲ್ಲ.

ಬಂದಾಗ ಅವರ ಬಲಗಡೆ ಕೂತುಕೋ. ಎಡಗಡೆ ಕೂತು ಹೇಳಿದರೆ ನಿನ್ನ ಮಾತು ಅವರಿಗೆ ಕೇಳಿಸುವುದಿಲ್ಲ.

ಲಮಾರ್